ಸತ್ಯಾಂಶ: 100ಕ್ಕೆ 60 ಜನ ನಿರುದ್ಯೋಗಿಗಳಾ?

‘2011ರ ಜನಗಣತಿ ಪ್ರಕಾರ ದೇಶದ 100 ಜನರಲ್ಲಿ 60 ಜನ ನಿರುದ್ಯೋಗಿಗಳು’ ಅನ್ನುವ ಮೆಸೇಜ್ ನಿಮಗೂ ಬಂದಿರಬೇಕು. ಅಂಕಿ ಹೆಚ್ಚುಕಡಿಮೆ ಸರಿ, ಅರ್ಥ ತಪ್ಪು. ಅದು ‘ಕೆಲಸ ಮಾಡದವರ’ ಲೆಕ್ಕ. ಅದರಲ್ಲಿ ತೊಟ್ಟಿಲ ಕೂಸು, ಶಾಲೆ ಮಕ್ಕಳು, ಪಿಂಚಣಿ ತೆಗೆದುಕೊಳ್ಳುವ ಅಜ್ಜ, ಬಾಡಿಗೆ ಹಣದಲ್ಲೇ ಬದುಕುವವರು, ಬೆಳಗಿನಿಂದ ರಾತ್ರಿವರೆಗೆ ಮನೆಗೆಲಸ ಮಾಡುವ ಅಮ್ಮ ಎಲ್ಲರೂ ಇದ್ದಾರೆ (ಅಮ್ಮನನ್ನು ಅಲ್ಲಿ ಸೇರಿಸಿದ್ದು ನನಗಂತೂ ಸರಿ ಕಾಣುವುದಿಲ್ಲ). ಕೆಲಸ ಹುಡುಕುತ್ತಿದ್ದೀರಾ ಅನ್ನುವುದು ಬೇರೆಯೇ ಪ್ರಶ್ನೆ.

ತಮಾಷೆ ಅಂದರೆ, ಅದೇ ಅಮ್ಮ ಸಂಬಳವಿಲ್ಲದೆ ಮನೆಯ ಹೊಲದಲ್ಲಿ ದುಡಿದರೆ, ಮನೆ ಬಳಕೆಗೇ ಹಸು ಸಾಕಿ ಹಾಲು ಕರೆದರೂ ‘ಕೆಲಸಗಾರರು’ ಆಗುತ್ತಾರೆ. ವರ್ಷದಲ್ಲಿ 6 ತಿಂಗಳು ಅಥವಾ ಜಾಸ್ತಿ ದುಡಿದಿದ್ದರೆ ಮುಖ್ಯ ಕೆಲಸಗಾರರು, ಕಡಿಮೆಯಾದರೆ ಅಲ್ಪಕಾಲಿಕ ಕೆಲಸಗಾರರು, ಅಷ್ಟೇ.