ಕಲಬುರಗಿ–ಬೀದರ್: ಹಾರಿದರೆ ಆರೂವರೆ ನಿಮಿಷ

ಕಲಬುರಗಿಯಿಂದ ಬೀದರ್‌ಗೆ ವಿಮಾನದಲ್ಲಿ ಎಷ್ಟು ಹೊತ್ತು ಅಂತ ಮೊಬೈಲಿಗೆ ಕೇಳಿ ನೋಡ್ರಿ. ದೂರ ಅಳೆಯುವ ತಾಣಗಳ ಲೆಕ್ಕ ಬಹಳ ಸರಳ. ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಹಿಡಿದು ಭೂಗೋಳದ ಮೇಲೆ ದಾರ ಎಳೆದರೆ ಸುಮಾರು 87 ಕಿ.ಮೀ. ಗಂಟೆಗೆ 800 ಕಿ.ಮೀ. ವೇಗದಿಂದ ಭಾಗಿಸಿದರೆ ಆರೂವರೆ ನಿಮಿಷ. ಏರೋದಕ್ಕೆ, ಇಳಿಯೋದಕ್ಕೆ ಅಂತ ಅರ್ಧ ಗಂಟೆ ಕೊಸರು ಹಾಕಿದರೆ 37 ನಿಮಿಷ. ವಿಮಾನ ಇದೆಯೋ ಇಲ್ಲವೋ ಎಂಬ ಪ್ರಶ್ನೆ ಈ ಗಣಿತದ ಸಿಲೆಬಸ್‌ನಲ್ಲೇ ಇಲ್ಲ. ನಿಲ್ದಾಣವೇ ಇಲ್ಲದ ಯಾದಗಿರಿಯಿಂದಲೂ ಹೀಗೇ ಹಾರಿಸಬಹುದು. ರನ್‌ವೇ ಮಾತ್ರ ಪ್ರಯಾಣಿಕರೇ ತರಬೇಕು.

ಆ 800ರ ಕಥೆ ಕೇಳಿ. 87 ಕಿ.ಮೀ. ಅಂದರೆ ವಿಮಾನದವರ ಅಳತೆಯಲ್ಲಿ 47 ನಾಟಿಕಲ್ ಮೈಲು. ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲು ಬೇಕು ಅನ್ನೋದು ಪೈಲಟ್‌ಗಳ ಬಾಯಿಲೆಕ್ಕ. ಹತ್ತು ಸಾವಿರ ಅಡಿಯಿಂದ ಇಳಿಯಲಿಕ್ಕೇ ಮೂವತ್ತು ಮೈಲು ಹೋಯಿತು, ಉಳಿದ ಹದಿನೇಳರಲ್ಲಿ ಏರಬೇಕು. ಹತ್ತು ಸಾವಿರ ಅಡಿಗಿಂತ ಕೆಳಗೆ ವೇಗದ ಮಿತಿ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ 463 ಕಿ.ಮೀ. ಅಂದಮೇಲೆ 800 ಮುಟ್ಟುವುದು ಕಮಲಾಪುರದ ಮೇಲೋ ಹುಮನಾಬಾದಿನ ಮೇಲೋ? ಸೀಟ್‌ಬೆಲ್ಟ್ ಚಿಹ್ನೆ ಆರಿಸಲೂ ಪುರಸೊತ್ತಿಲ್ಲದ ಹಾರಾಟ ಇದು.

ಅದೂ ಹಾರಿದರೆ. ಕಲಬುರಗಿ ನಿಲ್ದಾಣ ಉದ್ಘಾಟನೆಯಾದದ್ದು 2019ರ ನವೆಂಬರ್ 22ರಂದು, ಬೀದರಿನದು 2020ರ ಫೆಬ್ರವರಿ 7ರಂದು. ಎರಡೂವರೆ ತಿಂಗಳ ಅಂತರದ ಅಕ್ಕ-ತಂಗಿಯರು, ಇಬ್ಬರೂ ಮೊದಲು ಓಡಿದ್ದು ಬೆಂಗಳೂರಿಗೇ. ಸಣ್ಣ ಊರುಗಳಿಗೂ ವಿಮಾನ ಹಾರಿಸುವ ಕೇಂದ್ರದ ಉಡಾನ್ ಯೋಜನೆಯ ಸಬ್ಸಿಡಿ ಒಂದು ಮಾರ್ಗಕ್ಕೆ ಮೂರು ವರ್ಷ. ಅದು ಮುಗಿದ ಮೇಲೆ ವಿಮಾನ ಬರುತ್ತದೋ ಇಲ್ಲವೋ ಅನ್ನೋದು ನಮ್ಮ ಕಡೆ ಮಳೆಯಷ್ಟೇ ಗ್ಯಾರಂಟಿ.

ನೇರ ವಿಮಾನ ಇಲ್ಲದಿದ್ದರೂ ಹಾರಿಯೇ ತೀರುತ್ತೇನೆ ಅನ್ನುವವರಿಗೆ ಬೆಂಗಳೂರಿನ ಮೇಲಿಂದ ದಾರಿ ಇಲ್ಲದಿಲ್ಲ. ಎರಡೂ ಕಡೆ ವಿಮಾನ ಇರುವ ದಿನ ನೋಡಿಕೊಂಡು ಸೇಡಂ ರಸ್ತೆ ಹಿಡಿದು ಕಲಬುರಗಿ ನಿಲ್ದಾಣ ಇರುವ ಶ್ರೀನಿವಾಸ ಸರಡಗಿಗೆ ಹೋಗಿ. ಚೆಕ್-ಇನ್ ಕೌಂಟರ್ ಒಂದು ಗಂಟೆ ಮೊದಲೇ ಮುಚ್ಚುತ್ತದೆ, ಎರಡು ಗಂಟೆ ಮುಂಚೆ ಇರಿ. ದಕ್ಷಿಣಕ್ಕೆ ಸುಮಾರು 462 ಕಿ.ಮೀ. ಹಾರಿ ದೇವನಹಳ್ಳಿಯಲ್ಲಿ ಇಳಿಯಿರಿ. ಎರಡೂ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ಸಂಖ್ಯೆಯಲ್ಲಿರಲಿ. ಬೇರೆ ಬೇರೆ ಟಿಕೆಟ್ ಆದರೆ ಬ್ಯಾಗು ಬೆಲ್ಟಿನಿಂದ ಎತ್ತಿಕೊಂಡು ಮತ್ತೆ ಕೌಂಟರಿಗೆ ಕೊಡಬೇಕು. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ದುಡ್ಡೂ ಹೋಯಿತು. ಆಮೇಲೆ ಉತ್ತರಕ್ಕೆ 522 ಕಿ.ಮೀ. ಒಟ್ಟು 984. ಕೊಂಕಣ ಸುತ್ತಿ ಮೈಲಾರಕ್ಕೆ ಹೋದವರೇ ಜಾಣರು, ಇಷ್ಟು ಸುತ್ತಿರಲಿಕ್ಕಿಲ್ಲ.

2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದ ಕಲಬುರಗಿ–ಬೀದರ್ ರೈಲು ಮಾರ್ಗ 110 ಕಿ.ಮೀ. ಕೆಂಪು ಬಸ್ಸೂ ಹುಮನಾಬಾದ್ ಮೇಲೆ ಹೋಗುತ್ತದೆ. ಆದರೆ ಅವುಗಳ ಉದ್ಘಾಟನೆ ಆಗಿಹೋಗಿದೆ, ಮತ್ತೆ ರಿಬ್ಬನ್ ಕತ್ತರಿಸಲು ಬರುವುದಿಲ್ಲವಲ್ಲ.

ಇನ್ನೊಂದು ಎಚ್ಚರ: ಬೀದರ್ ನಿಲ್ದಾಣ ಇರುವುದು ವಾಯುಪಡೆ ನೆಲೆಯಲ್ಲಿ. ಇಳಿದ ಖುಷಿಗೆ ರನ್‌ವೇ ಮೇಲೆ ಸೆಲ್ಫಿ ತೆಗೆಯಲು ಹೋಗಬೇಡಿ. 984 ಕಿ.ಮೀ. ಹಾರಿದ್ದಕ್ಕೆ ಬೋರ್ಡಿಂಗ್ ಪಾಸೇ ಸಾಕ್ಷಿ, ವಾಪಸ್ ಹೋಗುವಾಗ ಬಸ್ ಕಂಡಕ್ಟರ್ ಅದಕ್ಕೆ ರಿಯಾಯಿತಿ ಕೊಡುವುದಿಲ್ಲ.