ಐದರಿಂದ ಆರಕ್ಕೆ ಬಡ್ತಿ

ದಾವಣಗೆರೆಯ ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿ ನಡೆಸುವ ನಮ್ಮ ಸೋದರಮಾವನವರಿಗೆ ಎರಡು ಅಂಕಿಗಳಲ್ಲಿ ದೊಡ್ಡದೇ ಲಾಭದ್ದು ಎಂಬ ಅಚಲ ನಂಬಿಕೆ. ವಿಂಡೋಸ್ ಬದಲು ರೆಡ್ ಹ್ಯಾಟ್ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯಲ್ಲಿ ನಡೆಯುವ ಅಂಗಡಿಯ ಹಳೆಯ ಕಂಪ್ಯೂಟರು ನಿಧಾನವೆನಿಸಿದಾಗ, ಅದು 'ಐದರಲ್ಲಿ' ಓಡುತ್ತಿದೆಯೆಂದು ಗುಮಾಸ್ತ ಹುಡುಗನಿಂದ ತಿಳಿದ ಅವರು ತಡಮಾಡದೆ, "ಹಂಗಾದ್ರೆ ಆರಕ್ಕೆ ಹಾಕಪ್ಪ" ಎಂದು ಅಪ್ಪಣೆ ಕೊಟ್ಟರು.

ಆ ಕಾಲದ ಲಿನಕ್ಸ್‌ನಲ್ಲಿ ಯಂತ್ರವು ಯಾವ ಸ್ಥಿತಿಗೆ ಏಳಬೇಕೆಂಬುದನ್ನು ಇನಿಟ್‌ಟ್ಯಾಬ್ ಎಂಬ ಕಡತದಲ್ಲಿರುವ ರನ್‌ಲೆವೆಲ್ ಅಂಕಿ ಹೇಳುತ್ತದೆ. 1 ಎಂದರೆ ರಿಪೇರಿಗೆಂದು ಒಬ್ಬನೇ ಕೂರುವ ಸ್ಥಿತಿ, 3 ಎಂದರೆ ಬರೀ ಅಕ್ಷರಗಳ ಪರದೆ, 5 ಎಂದರೆ ಚಿತ್ರ, ಮೌಸ್ ಸಮೇತ ಪೂರ್ಣ ವೈಭವ. 4ಕ್ಕೆ ಯಾರೂ ಕೆಲಸವನ್ನೇ ಹಚ್ಚಿಲ್ಲ. 0 ಎಂದರೆ ಮಲಗುವುದು, 6 ಎಂದರೆ ಮಲಗಿ ಮತ್ತೆ ಏಳುವುದು. ಈ ಎರಡನ್ನು ಮಾತ್ರ ಇಲ್ಲಿ ಹಾಕಬೇಡಿರೆಂದು ಅದೇ ಕಡತದಲ್ಲಿ, ಮನುಷ್ಯರಿಗೆಂದೇ ಇರುವ ಹ್ಯಾಷ್ (#) ಗುರುತಿನ ಸಾಲಿನಲ್ಲಿ, ಸ್ಪಷ್ಟವಾಗಿ ಬರೆದಿದೆ. ಅದನ್ನೇಕೆ ಓದಲಿಲ್ಲವೆಂದು ಆಮೇಲೆ ಕೇಳಿದ್ದಕ್ಕೆ ಹುಡುಗನು, "ಹ್ಯಾಷ್ ಗುರುತಿನ ಸಾಲನ್ನ ಕಂಪ್ಯೂಟರೇ ಓದಲ್ಲ ಸಾರ್, ನಾನ್ಯಾಕೆ ಓದ್ಲಿ?" ಎಂದ. ತರ್ಕದಲ್ಲಿ ದೋಷವಿರಲಿಲ್ಲ.

ಯಂತ್ರವು ಎದ್ದು, ಹಸಿರು ಬಣ್ಣದಲ್ಲಿ 'ಓಕೆ'ಗಳನ್ನು ಸಾಲಾಗಿ ಬರೆದು, ಇನ್ನೇನು ಹೆಸರು ಕೇಳಬೇಕೆನ್ನುವಷ್ಟರಲ್ಲಿ ತಾನೇ ಮುಚ್ಚಿಕೊಂಡು ಪುನಃ ಏಳತೊಡಗಿತು. ಸ್ವಲ್ಪ ಹೊತ್ತು ಮಾವನವರು ಅದರ ಚುರುಕುತನವನ್ನೇ ಮೆಚ್ಚುತ್ತ ಕುಳಿತಿದ್ದರಂತೆ. ಲೆಕ್ಕದ ಚೀಟಿಗಾಗಿ ಕಾಯುತ್ತಿದ್ದ ರೈತರೊಬ್ಬರು, "ನಮ್ ಬೋರಿನ ಸ್ಟಾರ್ಟರೂ ಹಿಂಗೇ ಮಾಡ್ತತಿ, ವೋಲ್ಟೇಜ್ ಇಲ್ಲ" ಎಂದು ತೀರ್ಪಿತ್ತ ಮೇಲೆಯೇ ನನಗೆ ಫೋನ್ ಬಂದದ್ದು.

ಪರಿಹಾರ ಸುಲಭವಿತ್ತು. ಯಂತ್ರ ಏಳುವಾಗ ಮೊದಲು ಬರುವ ಗ್ರಬ್ ಎಂಬ ಪರದೆಯಲ್ಲಿ 'ಎ' (a) ಒತ್ತಿ, ಸಾಲಿನ ಕೊನೆಗೆ ಒಂದು ಜಾಗ ಬಿಟ್ಟು 1 ಎಂದು ಸೇರಿಸಿದರೆ ಆ ಒಂದು ಸಲದ ಮಟ್ಟಿಗೆ ಯಂತ್ರ ಕಡತದ ಮಾತನ್ನು ಬಿಟ್ಟು ನಮ್ಮ ಮಾತು ಕೇಳುತ್ತದೆ. ಒಳಹೊಕ್ಕು 6ನ್ನು 5 ಮಾಡಿದರಾಯಿತು. ಈಗಿನ ಲಿನಕ್ಸ್‌ಗಳಲ್ಲಾದರೋ ಯಂತ್ರವನ್ನು ಏಳಿಸುವ ಕೆಲಸಕ್ಕೆಂದು 2010ರಲ್ಲಿ ಬಂದ ಸಿಸ್ಟಮ್‌ಡಿ ಎಂಬ ತಂತ್ರಾಂಶದ ದೆಸೆಯಿಂದ ಅಂಕಿಗಳ ಬದಲು 'ಗ್ರಾಫಿಕಲ್', 'ಮಲ್ಟಿ-ಯೂಸರ್' ಎಂಬ ಹೆಸರುಗಳಿವೆ. ಬಡ್ತಿಯ ಆಸೆಗೆ ಅಷ್ಟು ಆಸ್ಪದವಿಲ್ಲ.

ಹುಡುಗನು ಹೇಳಿದಂತೆಯೇ ಮಾಡಿ, "ಸಾವ್ಕಾರ್ರೇ, ಪಾಸ್‌ವರ್ಡೇ ಕೇಳ್ಲಿಲ್ಲ!" ಎಂದು ಕೂಗಿದ್ದು ನನಗೂ ಕೇಳಿಸಿತು. ಹಳೆಯ ರೆಡ್ ಹ್ಯಾಟ್‌ನಲ್ಲಿ 1ಕ್ಕೆ ಹೋದವನಿಗೆ ಕೇಳುವವರಿಲ್ಲದೆ ಸರ್ವಾಧಿಕಾರ ಸಿಗುತ್ತದೆ. ಪಾಸ್‌ವರ್ಡಿನ ಚೀಟಿಯನ್ನು ಇಷ್ಟು ದಿನ ಗಲ್ಲಾಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟಿದ್ದ ಮಾವನವರಿಗೆ ಇದು ದೊಡ್ಡ ಆಘಾತ. ಗ್ರಬ್‌ಗೂ ಪಾಸ್‌ವರ್ಡ್ ಇಡಬಹುದೆಂದು ನಾನು ಎಷ್ಟು ಹೇಳಿದರೂ ಅವರು ನಂಬಲಿಲ್ಲ. ಈಗ ಚೀಟಿ ಗೋಡೆಯ ಮೇಲಿದೆ; ಅಂಗಡಿ ಮುಚ್ಚುವಾಗ ಕೀಬೋರ್ಡನ್ನು ಬಿಚ್ಚಿ ಮನೆಗೆ ಒಯ್ಯುತ್ತಾರೆ.