ಡಾಕ್ ಕೊಳ್ಳುವ ಮುನ್ನ ರಂಧ್ರಾನ್ವೇಷಣೆ

ಮೇಜಿನ ಮೇಲಿನ ವೈರುಗಳ ಸಿಕ್ಕು ಕಂಡು ರೋಸಿಹೋದವರಿಗೆ ಡಾಕಿಂಗ್ ಸ್ಟೇಷನ್ ಮೋಕ್ಷದ ಬಾಗಿಲಿನಂತೆ ಕಾಣುತ್ತದೆ. ಈ ಡಬ್ಬಿಯ, ಅಂದರೆ ಡಾಕಿನ, ಒಂದೇ ಕೇಬಲ್ ಲ್ಯಾಪ್‌ಟಾಪಿಗೆ ಚುಚ್ಚಿದರೆ ಸಾಕು. ಮಾನಿಟರ್, ಕೀಬೋರ್ಡ್, ಇಂಟರ್ನೆಟ್, ಚಾರ್ಜಿಂಗ್ ಎಲ್ಲವೂ ಬಂತು. ಚುಚ್ಚಿ ನೋಡಿದರೆ ಕೀಬೋರ್ಡಿಗೆ ಜೀವ ಬಂದಿರುತ್ತದೆ, ಮಾನಿಟರ್ ಮೌನವ್ರತದಲ್ಲಿರುತ್ತದೆ. ಬೈಗುಳ ತಿನ್ನುವುದು ಡಾಕ್. ತಪ್ಪು ಎಷ್ಟೋ ಸಲ ಲ್ಯಾಪ್‌ಟಾಪಿನ ತೂತಿನದು.

ಬೆಳ್ಳಗಿರುವುದೆಲ್ಲ ಹಾಲಲ್ಲ. ಯುಎಸ್‌ಬಿ-ಸಿ ಎಂಬುದು ಆಕಾರದ ಹೆಸರೇ ಹೊರತು ಯೋಗ್ಯತೆಯದಲ್ಲ. ಕೆಲವು ಪೋರ್ಟುಗಳು ಬರೀ ಡೇಟಾ ಹೊರುತ್ತವೆ, ಕೆಲವು ಚಾರ್ಜನ್ನೂ ತೆಗೆದುಕೊಳ್ಳುತ್ತವೆ. ಸಾಮಾನ್ಯ ಡಾಕಿಗೆ ಚಿತ್ರ ಬರಬೇಕಾದರೆ ಪೋರ್ಟಿಗೆ ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’ ಇರಬೇಕು. ಪಕ್ಕದಲ್ಲಿ ಬಾಣದ ತುದಿಯುಳ್ಳ ಮಿಂಚಿದ್ದರೆ ಅದು ಡೇಟಾ, ಚಿತ್ರ ಎರಡನ್ನೂ ಹೊರುವ ಥಂಡರ್‌ಬೋಲ್ಟ್, ನಿಶ್ಚಿಂತೆ. ಬ್ಯಾಟರಿಯ ಚಿತ್ರವಷ್ಟೇ ಇದ್ದರೆ ಚಾರ್ಜಿನ ಭರವಸೆ ಮಾತ್ರ. ಏನೂ ಇಲ್ಲದಿದ್ದರೆ ಲ್ಯಾಪ್‌ಟಾಪನ್ನು ಬೋರಲು ಹಾಕಿ, ಇರುವೆಗಳ ಅನುಕೂಲಕ್ಕೆಂದೇ ಮುದ್ರಿಸಿದಂತಿರುವ ಮಾಡೆಲ್ ನಂಬರ್ ಹುಡುಕಿ, ತಯಾರಕರ ವಿವರಪಟ್ಟಿ ಓದಬೇಕು. ಇದು ಡಾಕ್ ಕೊಳ್ಳುವ ಮೊದಲು ಮಾಡುವ ಕೆಲಸ. ಎಲ್ಲರೂ ಮಾಡುವುದು ಕೊಂಡ ಮೇಲೆ.

ಚಿತ್ರ ಬಂದರೂ ಮೌಸಿನ ಬಾಣ ಕುಂಟುತ್ತಿದೆಯೆ? ಡಬ್ಬದ ಮೇಲೆ ‘4ಕೆ’ ಎಂಬುದು ಹೆಬ್ಬೆರಳಿನಷ್ಟು ದಪ್ಪ, ‘30 ಹರ್ಟ್ಸ್’ (ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಬದಲಾಗುತ್ತದೆ) ಎಂಬುದು ಸಾಸಿವೆಯಷ್ಟು. ಸಾಮಾನ್ಯ ಡಾಕಿನಲ್ಲಿ ಕೇಬಲಿನ ನಾಲ್ಕು ವೇಗದ ಹಾದಿಗಳಲ್ಲಿ ಎರಡು ಯುಎಸ್‌ಬಿ ಪಾಲು, ಎರಡು ಚಿತ್ರದ ಪಾಲು. ಲ್ಯಾಪ್‌ಟಾಪಿನದು ಚಿತ್ರ ಸಾಗಿಸುವ ಡಿಸ್‌ಪ್ಲೇಪೋರ್ಟಿನ ಹಳೆಯ 1.2 ಆವೃತ್ತಿಯಾದರೆ ಆ ಎರಡು ಹಾದಿಯಲ್ಲಿ 4ಕೆಗೆ 30 ಹರ್ಟ್ಸೇ ಗತಿ. ಲ್ಯಾಪ್‌ಟಾಪು, ಡಾಕು ಎರಡೂ 1.4 ಆದರೆ 60 ದಕ್ಕುತ್ತದೆ.

ಎರಡು ಮಾನಿಟರ್ ಬೇಕೆನ್ನುವವರ ಪಾಡು ಬೇರೆ. ಒಂದೇ ಸಂಕೇತವನ್ನು ಎರಡಾಗಿ ಹಂಚುವ ಎಂಎಸ್‌ಟಿ ವಿಂಡೋಸಿನಲ್ಲಿ ನಡೆಯುತ್ತದೆ. ಮ್ಯಾಕ್ ಅದಕ್ಕೆ ಸೊಪ್ಪು ಹಾಕುವುದಿಲ್ಲ, ಎರಡೂ ಪರದೆಗಳು ಅವಳಿಗಳಂತೆ ಒಂದೇ ಚಿತ್ರ ತೋರಿಸುತ್ತವೆ. ಚಿತ್ರವನ್ನು ಡೇಟಾ ಆಗಿಸಿ ಸಾಗಿಸುವ ಡಿಸ್‌ಪ್ಲೇಲಿಂಕ್ ಇರುವ ಡಾಕ್ ಈ ಕಷ್ಟ ದಾಟಿಸುತ್ತದೆ. ಆದರೆ ಡ್ರೈವರ್ ಹಾಕಬೇಕು, ಪ್ರೊಸೆಸರ್ ಬೆವರಬೇಕು, ನಕಲು ತಡೆಯಿರುವ ಸಿನಿಮಾ ಹಾಕಿದರೆ ಕಪ್ಪು ಪರದೆ ನೋಡಬೇಕಾಗಬಹುದು.

ಇನ್ನು ವಿದ್ಯುತ್ತು. 100 ವ್ಯಾಟಿನ ಚಾರ್ಜರ್ ಕೊಟ್ಟರೆ ಸಣ್ಣ ಡಾಕ್ ತನ್ನ ಪಾಲೆಂದು ಸುಮಾರು 15 ವ್ಯಾಟ್ ಮುರಿದುಕೊಂಡು 85 ಮುಂದಕ್ಕೆ ಕಳಿಸುತ್ತದೆ. 130 ವ್ಯಾಟ್ ಕೇಳುವ ಲ್ಯಾಪ್‌ಟಾಪಿಗೆ ಅದು ಸಾಲದು. ಭಾರಿ ಕೆಲಸ ಹಚ್ಚಿದರೆ ಚಾರ್ಜ್ ಆಗುತ್ತಲೇ ಬ್ಯಾಟರಿ ಇಳಿಯುವ ಪವಾಡ ನಡೆಯುತ್ತದೆ. 60 ವ್ಯಾಟ್ ಮೀರಿದರೆ 5 ಆಂಪಿಯರಿನ, ಒಳಗೆ ಚಿಪ್ ಇರುವ ಕೇಬಲ್ಲೇ ಬೇಕು. ಫೋನಿನ ಜೊತೆ ಬಂದ ಕೇಬಲ್ ಬಳಸುವ ಜಾಣತನ ಬೇಡ. ಅಂಥವು ಬಹುಪಾಲು ಯುಎಸ್‌ಬಿ 2.0, ವೇಗ ಸೆಕೆಂಡಿಗೆ 480 ಮೆಗಾಬಿಟ್ಸ್, ಚಿತ್ರ ಸಾಗಿಸುವ ತಂತಿಯೇ ಅವುಗಳಲ್ಲಿಲ್ಲ.

ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ವೈರ್‌ಲೆಸ್ ಮೌಸ್ ತೊದಲುತ್ತದೆ. ಬ್ಯಾಟರಿ ಬದಲಿಸಿ ಫಲವಿಲ್ಲ. ಯುಎಸ್‌ಬಿ 3 ಪೋರ್ಟು ಹೊರಸೂಸುವ ರೇಡಿಯೊ ಗದ್ದಲ ಮೌಸ್ ಮಾತಾಡುವ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ಇದ್ದು, ಪಕ್ಕದಲ್ಲಿ ಕೂತ ಪುಟ್ಟ ರಿಸೀವರಿಗೆ ಮೌಸಿನ ಮಾತು ಕೇಳಿಸದಂತೆ ಮಾಡುತ್ತದೆ. ಪರಿಹಾರ ಸುಲಭ: ರಿಸೀವರನ್ನು ಡಾಕಿನಿಂದ ಒಂದು ಮೊಳ ದೂರ ಒಯ್ಯುವುದು. ಅದಕ್ಕೆ ಬೇಕಾದದ್ದು ಒಂದು ಎಕ್ಸ್‌ಟೆನ್ಷನ್ ವೈರು, ಮೇಜಿನ ಮೇಲೆ ಹಾಸಿಕೊಳ್ಳುವಂಥದ್ದು.